ಕಬ್ಬಿಣದ ಮಾವನ ಮುಂದೆ

ತುಳಸಾ ಸೊಸೆಯಾಗಿ ಕಾಲಿಟ್ಟ ಮನೆಯಲ್ಲಿ ಮಾವನ ಎದುರು ಸುಳಿಯುವುದಕ್ಕೂ ಒಂದು ಕಟ್ಟಳೆ ಇತ್ತು. ಗಂಡನ ತಂದೆ ಕಟ್ಟೆಯ ಮೇಲೆ ಕುಳಿತಿದ್ದರೆ ಸೊಸೆಯಂದಿರು ಹಿತ್ತಲ ಬಾಗಿಲಿನಿಂದ ನೀರಿಗೆ ಹೋಗಬೇಕು. ತಪ್ಪಿ ಎದುರಾದರೆ ಸೆರಗು ತಲೆಗೆ ಏರಬೇಕು, ಕಣ್ಣು ನೆಲಕ್ಕೆ ಇಳಿಯಬೇಕು. ಆತನ ಹೆಸರನ್ನು ನಾಲಗೆ ಮುಟ್ಟಬಾರದು, ಆತನ ಮೈಯನ್ನು ಕೈ ಮುಟ್ಟಬಾರದು. ತೇರಗಾಂವದ ಆಚೆ, ಕಾಡಿನ ಅಂಚಿಗಿರುವ ಆ ಸಿದ್ದಿಗಳ ಕೇರಿಯಲ್ಲಿ ಹಿಂದೂ ಮನೆ, ಮುಸಲ್ಮಾನರ ಮನೆ, ಕ್ರೈಸ್ತರ ಮನೆ ಒಂದರ ಗೋಡೆಗೆ ಒಂದು ಆತು ನಿಂತಿದ್ದವು. ದೇವರು ಬೇರೆಯಾದರೂ ಮಾವನ ವಿಷಯದಲ್ಲಿ ಎಲ್ಲ ಮನೆಯ ಕಟ್ಟಳೆಯೂ ಒಂದೇ. ತುಳಸಾ ಅದನ್ನು ಹೊರೆಯೆಂದು ಬಗೆದವಳಲ್ಲ. ಕಾಡುಕೋಣ ನೀರಿಗಿಳಿಯುವ ದಾರಿ ಯಾವುದೆಂದು ತಿಳಿದವರು ಬೇರೆ ದಾರಿಯಲ್ಲಿ ನಿಶ್ಚಿಂತೆಯಿಂದ ನಡೆಯುತ್ತಾರೆ. ಕಟ್ಟಳೆಯೆಂದರೆ ಅಷ್ಟೇ ಎಂದು ಆಕೆ ತಿಳಿದಿದ್ದಳು.

ಆ ಕಟ್ಟಳೆಯನ್ನು ಆಕೆ ಒಮ್ಮೆ ಮುರಿದಿದ್ದಳು. ಕಣದಲ್ಲಿ ಭತ್ತ ತೂರುತ್ತಿದ್ದ ಮಾವ ತಲೆ ತಿರುಗಿ ಬಿದ್ದಾಗ ಉಳಿದ ಸೊಸೆಯಂದಿರು ಬಾಯಿಗೆ ಸೆರಗು ಒತ್ತಿಕೊಂಡು ಗಂಡಸರನ್ನು ಕೂಗುತ್ತ ನಿಂತರು. ತುಳಸಾ ನೇರವಾಗಿ ಹೋಗಿ ಆತನ ರಟ್ಟೆ ಹಿಡಿದು ಎಬ್ಬಿಸಿ, ತನ್ನ ಹೆಗಲಿಗೆ ಆನಿಸಿಕೊಂಡು ನೀರು ಕುಡಿಸಿದಳು. ಕೇರಿ ಮುಂದಿನ ಸುಗ್ಗಿಯವರೆಗೂ ಅದನ್ನೇ ಆಡಿಕೊಂಡಿತು. ಮಾವ ಮಾತ್ರ ಬದುಕಿದಷ್ಟು ಕಾಲ ನೀರು ಬೇಕಾದಾಗ ಆಕೆಯ ಕಡೆಗೇ ಮುಖ ತಿರುಗಿಸುತ್ತಿದ್ದ. ಈ ಸಂಗತಿಯನ್ನು ತುಳಸಾ ಯಾರೆದುರೂ ಎತ್ತಿದವಳಲ್ಲ. ಎತ್ತಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೋ ಏನೋ.

ಮಾವನೂ ಹೋದ, ಗಂಡನೂ ಹೋದ. ತುಳಸಾ ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಬದಿಯ ಪ್ಲೈವುಡ್ ಕಾರ್ಖಾನೆಗೆ ಕೂಲಿಯಾಗಿ ಸೇರಿ, ವರ್ಷಗಳು ಉರುಳಿದಂತೆ ಹೆಣ್ಣಾಳುಗಳ ಮುಕಾದಮಳಾದಳು. ನೀಲಗಿರಿಯ ದಿಮ್ಮಿಯನ್ನು ಹೆರೆದು ಹಾಳೆ ತೆಗೆಯುವುದು, ಹಾಳೆಯನ್ನು ಒಣಗಿಸುವುದು, ಅಂಟು ಬಳಿದು ಒಂದರ ಮೇಲೊಂದು ಪೇರಿಸಿ ಬಿಸಿ ಪ್ರೆಸ್ಸಿಗೆ ಕೊಡುವುದು ಅಲ್ಲಿಯ ಕೆಲಸ. ಪೇರಿಸುವ ಮೇಜು ತುಳಸಾಳ ವಶದಲ್ಲಿತ್ತು. ಆಕೆಯ ಕೈಕೆಳಗೆ ಅದೇ ಕೇರಿಯ ನಸ್ರೀನ, ಮುಂಡಗೋಡದ ಕಡೆಯಿಂದ ಬಂದ ಬಾಯಿಬಡಕಿ ಮಾಲವ್ವ, ಇನ್ನೂ ಕೆಲವರು. ತನ್ನ ಮೇಜಿನಲ್ಲಿ ಯಾರಿಗೂ ಗಾಯವಾಗಿಲ್ಲ ಎಂಬುದು ತುಳಸಾಳ ಹೆಮ್ಮೆ. ಬೇರೆ ಯಾವ ಹೆಮ್ಮೆಯನ್ನೂ ಆಕೆ ಇಟ್ಟುಕೊಂಡಿರಲಿಲ್ಲ. ಇದೊಂದನ್ನು ಮಾತ್ರ ಬಿಟ್ಟುಕೊಡುವವಳಾಗಿರಲಿಲ್ಲ.

ಆ ಮೇಜಿಗೆ ರೋಬೋಟ್ ಬಂತು. ಮನುಷ್ಯನಿಗಿಂತ ಎತ್ತರದ ಹಳದಿ ಕಂಬ, ಅದಕ್ಕೆ ಮೊಣಕೈಯ ಮೇಲೆ ಮೊಣಕೈ ಇರುವ ಒಂದೇ ತೋಳು. ತೋಳಿನ ತುದಿಗೆ ಬಾಗಿಲಿನಷ್ಟು ಅಗಲದ ಒತ್ತುಹಲಗೆ, ಅದರ ಅಡಿಯಲ್ಲಿ ಗಾಳಿ ಹೀರಿ ಹಾಳೆಯನ್ನು ಹಿಡಿಯುವ ರಬ್ಬರಿನ ಬಟ್ಟಲುಗಳು. ಅಂಟು ಮೆತ್ತಿದ ಹಾಳೆಯನ್ನು ತೋಳು ಎತ್ತಿ ತರುತ್ತಿತ್ತು, ಪೇರಿಕೆಯ ಮೇಲೆ ಇಳಿಸುತ್ತಿತ್ತು, ಒತ್ತಿ ಸಮ ಮಾಡುತ್ತಿತ್ತು. ಅದು ತಿರುಗಿ ಹೋದಾಗ ಹೆಂಗಸರು ಅಂಚು ಕೂಡಿಸಿ, ಬಿರುಕಿಗೆ ತುಂಡು ಹಚ್ಚಬೇಕು. ಸದ್ದೆಂಬುದು ಅದಕ್ಕೆ ಇರಲೇ ಇಲ್ಲ. ಇಷ್ಟು ದೊಡ್ಡ ಮೈ ಇಷ್ಟು ಮೆಲ್ಲಗೆ ಓಡಾಡುವುದು ತುಳಸಾಳಿಗೆ ಸರಿಬರಲಿಲ್ಲ.

ದಾಂಡೇಲಿಯ ತಾರಿಕ ಅದರ ಮೆಕ್ಯಾನಿಕ್. ತಾತ, ತಂದೆ ಎಲ್ಲರೂ ಅಲ್ಲಿಯ ಕಾಗದದ ಮಿಲ್ಲಿನ ಯಂತ್ರ ಬಿಚ್ಚಿ ಜೋಡಿಸಿದವರು. ಹೆಂಗಸರನ್ನು ಸುತ್ತ ನಿಲ್ಲಿಸಿಕೊಂಡು ಆತ ಹೇಳಿದ:

"ಇದು ನಿಮ್ಮ ಕೆಲಸ ಕಸಗೊಳ್ಳಾಕ ಬಂದಿಲ್ರಿ ಅಕ್ಕಾ, ನಿಮ್ಮ ಜೋಡಿ ಮಾಡಾಕ ಬಂದೈತಿ. ಭಾರದ್ದು ಅದು ಮಾಡ್ತೈತಿ, ನಾಜೂಕಿಂದು ನೀವು ಮಾಡ್ರಿ. ಅದು ಈ ಕಡೆ ಇರೂತನಕ ಈ ಹಳದಿ ಗೆರಿ ದಾಟಬ್ಯಾಡ್ರಿ. ಏನರ ಎಡವಟ್ಟಾತು, ಅದರ ಮೈಮ್ಯಾಲ ಈ ಕೆಂಪು ಗುಂಡಿ ಐತಿ, ಒತ್ರಿ. ನಿಂತ ಬಿಡ್ತೈತಿ."

"ಗೆರಿ ದಾಟಿದ್ರ ರಾವಣ ಬರ್ತಾನೇನೋ ತಮ್ಮಾ?" ಎಂದಳು ಮಾಲವ್ವ.

"ರಾವಣ ಹೊರಗಿಂದ ಬರೂದಿಲ್ಲ ಅಕ್ಕಾ, ಗೆರಿ ಒಳಗ ಅದಾನ," ಎಂದ ತಾರಿಕ. ಹೆಂಗಸರು ನಕ್ಕರು. ತುಳಸಾ ನಗಲಿಲ್ಲ.

ಗೆರೆಯನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಹೊಲದ ಬದುವಾಗಲಿ ಅರಣ್ಯ ಇಲಾಖೆಯ ಕಲ್ಲಾಗಲಿ ದಾಟಿಯೇ ಬದುಕಿದ ಕಾಲುಗಳು ಅವು. ನೆಲದ ಮೇಲೆ ಬಳಿದ ಬಣ್ಣಕ್ಕೆ ನಿಲ್ಲುವುದುಂಟೆ? ಹಾಳೆಯ ಗಾಡಿ ತಳ್ಳುತ್ತಿದ್ದ ಅಂಕುಶ ಒಂದು ಮಧ್ಯಾಹ್ನ ಅಡ್ಡದಾರಿ ಹಿಡಿದ. ತಿರುಗಿ ಬರುತ್ತಿದ್ದ ತೋಳು ಆತನ ಹೆಗಲಿಗೆ ತಾಗಿ ನಿಂತಿತು. ನಿಂತಿತು ನಿಜ, ಆದರೆ ತಾಗಿದ ಮೇಲೆ ನಿಂತಿತು. ಹೆಗಲು ಬಾತುಕೊಂಡಿತು, ಅಂಕುಶ ಬೇರೆ ವಿಭಾಗ ಕೇಳಿಕೊಂಡು ಹೋದ.

ಮರುದಿನ ಬುತ್ತಿ ಬಿಚ್ಚುವ ಹೊತ್ತಿಗೆ ತುಳಸಾ ತನ್ನವರನ್ನೆಲ್ಲ ಕೂಡಿಸಿದಳು.

"ನಿಮಗ ಗೆರಿ ಕಾಣ್ಸೂದಿಲ್ಲ, ಹೇಳಿದ್ದ ಕೇಳ್ಸೂದಿಲ್ಲ. ಮನ್ಯಾಗ ಮಾವ ಕುಂತಾಗ ಹೆಂಗ ಅಡ್ಡಾಡ್ತೀರಿ?"

"ಮಾರು ದೂರದಿಂದ," ಎಂದಳು ನಸ್ರೀನ.

"ಮುಂದ ಹಾಯ್ತೀರೇನು?"

"ಹಾದ್ರ ನಮ್ಮತ್ತಿ ಕಾಲ ಮುರಿತಾಳ."

"ಹಂಗಾರ ಇವತ್ತಿಂದ ಇಂವ ಮಾವ. ಗಂಡನ ಅಪ್ಪ. ಮುಂದ ಹಾಯಬ್ಯಾಡ್ರಿ, ಮುಟ್ಟಬ್ಯಾಡ್ರಿ, ಇಂವ ಅತ್ತಾಗ ಹ್ವಾದ ಮ್ಯಾಲ ನೀವು ಇತ್ತಾಗ ಬರ್ರಿ."

"ಯವ್ವಾ, ನನ್ನ ಮಾವ ಸತ್ತಾಗ ಒಂದ ಪೀಡಾ ಹೋತು ಅಂದಿದ್ದೆ," ಎಂದಳು ಮಾಲವ್ವ. "ಮತ್ತೊಬ್ಬನ್ನ ತಂದು ಗಂಟ ಹಾಕಿದಿ ನೋಡು. ಇಂವಗ ಸಾವೂ ಇಲ್ಲ."

ಬಣ್ಣದ ಗೆರೆ ಮಾಡದ ಕೆಲಸವನ್ನು ಆ ಒಂದು ಹೆಸರು ಮಾಡಿತು. ಹೆಂಗಸರ ಕಾಲು ತಾನಾಗಿ ಹಿಂಜರಿಯಿತು. ಕಾರ್ಖಾನೆಯ ನಿಯಮದಂತೆ ಸೆರಗನ್ನು ಉದ್ದ ಕೋಟಿನೊಳಗೆ ಸಿಕ್ಕಿಸಿ, ತಲೆಗೆ ಟೊಪ್ಪಿಗೆ ಹಾಕಿರುತ್ತಿದ್ದರು. ಆದರೂ ತೋಳು ತಮ್ಮತ್ತ ತಿರುಗಿದಾಗ ಇಲ್ಲದ ಸೆರಗನ್ನು ಎಳೆದುಕೊಳ್ಳಲು ಕೈ ತಲೆಯತ್ತ ಹೋಗುತ್ತಿತ್ತು. ಅದನ್ನು ಕಂಡು ತಾವೇ ನಗುತ್ತಿದ್ದರು. ದಿನ ಕಳೆದಂತೆ ನಗು ನಿಂತಿತು, ಕೈ ಹೋಗುವುದು ಮಾತ್ರ ನಿಲ್ಲಲಿಲ್ಲ. ಮೇಜಿನ ಕೆಲಸ ಗಾಣದ ಎತ್ತಿನಂತೆ ತಪ್ಪದೆ ಸುತ್ತತೊಡಗಿತು. ತೋಳು ಬರುವುದು, ಹೆಂಗಸರು ಸರಿಯುವುದು. ತೋಳು ಹೋಗುವುದು, ಹೆಂಗಸರು ಕೂಡುವುದು.

ಮಳೆಗಾಲ ಮುಗಿಯುವ ಹೊತ್ತಿಗೆ ಸೂಪರ್‌ವೈಜರ್ ಬಸಲಿಂಗಯ್ಯ ಮೇಜಿನ ಬಳಿ ಬಂದು ಎಲ್ಲರಿಗೂ ಕೇಳುವಂತೆ ಹೊಗಳಿದರು. ಧಾರವಾಡದ ಕಡೆಯವರು, ಮಾತನ್ನು ತೂಗಿ ಆಡುವವರು.

"ಇಂಥಾ ಪಾಳಿ ನಾ ನೋಡಿಲ್ಲ ತುಳಸಾಬಾಯಿ. ಯಂತ್ರ ಬಂದಾಗಿಂದ ಒಮ್ಮಿ ಅಂದ್ರ ಒಮ್ಮಿನೂ ಕೆಂಪು ಗುಂಡಿ ಒತ್ತಿಲ್ಲ ನಿಮ್ಮ ಮಂದಿ. ಬ್ಯಾರೆ ಕಡೆ ದಿನಾ ಒತ್ತಿ ದಿನಾ ನಿಲ್ಲಸ್ತಾರ."

"ಎಲ್ಲಾ ನಿಮ್ಮ ಆಶೀರ್ವಾದ ಅಯ್ಯಾರ," ಎಂದಳು ತುಳಸಾ, ಎದೆ ತುಂಬಿ.

ಆ ತುಂಬಿದ ಎದೆ ಬಸ್ಸು ಹತ್ತುವವರೆಗೂ ಉಳಿಯಲಿಲ್ಲ. ಒಮ್ಮೆಯೂ ಒತ್ತಿಲ್ಲ ಎಂದರು. ಒತ್ತುವ ಪ್ರಸಂಗವೇ ಬರಲಿಲ್ಲವೆ? ಬಂದಿತ್ತು. ಶ್ರಾವಣದಲ್ಲಿ ಒಂದು ದಿನ ಆಕೆ ಅಂಟಿನ ಡಬ್ಬಿಗೆಂದು ಸ್ಟೋರಿಗೆ ಹೋಗಿ ಬರುವಷ್ಟರಲ್ಲಿ ಹರಿದ ಹಾಳೆಯೊಂದು ಮಡಚಿ ನಿಂತಿತ್ತು. ತೋಳು ಅದನ್ನು ಮತ್ತೆ ಮತ್ತೆ ಒತ್ತಿತ್ತು, ಅಂಟು ಸಿಡಿದಿತ್ತು, ಪೇರಿಕೆಯೇ ಕುಸಿದು ತೋಳು ತಾನಾಗಿ ನಿಂತಿತ್ತು. ಹೆಂಗಸರೆಲ್ಲ ಗೆರೆಯ ಹೊರಗೆ ತಲೆ ತಗ್ಗಿಸಿ ನಿಂತಿದ್ದರು. ಆಗ ತುಳಸಾ ಅದನ್ನು ಶಿಸ್ತು ಎಂದುಕೊಂಡಿದ್ದಳು. ಈಗ, ಓಡುವ ಬಸ್ಸಿನ ಕಿಟಕಿಯ ಪಕ್ಕದಲ್ಲಿ, ಆ ತಗ್ಗಿದ ತಲೆಗಳ ಸಾಲು ಆಕೆಗೆ ಬೇರೆಯಾಗಿ ಕಂಡಿತು. ತನ್ನ ಮಾವ ಕಣದಲ್ಲಿ ಬಿದ್ದಾಗ ಸುತ್ತ ನಿಂತಿದ್ದ ಸೊಸೆಯಂದಿರ ಸಾಲೂ ಹೀಗೆಯೇ ಇತ್ತು.

ಮರುದಿನ ನಸ್ರೀನಳನ್ನು ಬದಿಗೆ ಕರೆದು ಕೇಳಿದಳು: "ಅವತ್ತ ಹಾಳಿ ಮಡಚಿದಾಗ ಗುಂಡಿ ಯಾಕ ಒತ್ತಲಿಲ್ಲ?"

ನಸ್ರೀನ ನಕ್ಕಳು. "ಮಾವನ ಎದಿಮ್ಯಾಲ ಹೆಂಗ ಕೈ ಹಾಕೂದು ಅಕ್ಕ?"

ಹೇಳಿ ಮುಗಿಸುವಷ್ಟರಲ್ಲಿ ನಗು ಇಳಿಯಿತು, ಏಕೆಂದರೆ ಅದು ಚೇಷ್ಟೆಯಾಗಿರಲಿಲ್ಲ. ಗುಂಡಿ ಇದ್ದದ್ದು ಕಂಬದ ಮೇಲೆ, ಎದೆಯ ಎತ್ತರಕ್ಕೆ. ಮಾಲವ್ವ ಹಿಂದಿನಿಂದ ಸೇರಿಸಿದಳು: "ಮುಟ್ಟಬ್ಯಾಡ್ರಿ ಅಂದಾಕಿ ನೀನ ಅಲ್ಲೇನು? ಈಗ ಯಾಕ ಮುಟ್ಟಲಿಲ್ಲ ಅಂತಿ. ನಿನ್ನ ನ್ಯಾಯ ಚಲೋ ಐತಿ."

ಅಂದಿನಿಂದ ತುಳಸಾ ತಾನು ಕಟ್ಟಿದ್ದನ್ನು ತಾನೇ ಬಿಚ್ಚಲು ಕುಳಿತಳು. "ಇಂವ ಮಾವ ಅಲ್ಲ, ಕಬ್ಬಿಣ," ಎಂದು ಹೇಳಿ ನೋಡಿದಳು. ಹಣೆಗೆ ಹಾಕಿಸಿದ ಹಚ್ಚೆಯಂತೆ ಹೆಸರು ಚರ್ಮಕ್ಕೆ ಇಳಿದುಬಿಟ್ಟಿತ್ತು. ಒಬ್ಬೊಬ್ಬರನ್ನೇ ಕಂಬದೆದುರು ನಿಲ್ಲಿಸಿ ಗುಂಡಿ ಒತ್ತಿಸಿದಳು. ಒತ್ತಿದರು, ಆದರೆ ಆಕೆ ನೋಡುತ್ತಿರುವಾಗ, ಆಕೆ ಹೇಳಿದ ಮೇಲೆ, ಮುಖ ಆಚೆ ತಿರುಗಿಸಿಕೊಂಡು. ಒತ್ತಿದಾಗಲೆಲ್ಲ ಸಾಲು ನಿಲ್ಲುತ್ತಿತ್ತು, ಬಸಲಿಂಗಯ್ಯ ಓಡಿ ಬರುತ್ತಿದ್ದರು.

"ಮೊನ್ನೆ ಹೊಗಳಿದ್ನಲ್ಲ ತುಳಸಾಬಾಯಿ, ದೃಷ್ಟಿ ತಾಗಿತೇನು? ಹಿಂಗ ಸುಮ್ಮಸುಮ್ನ ನಿಲ್ಲಿಸಿದ್ರ ಮ್ಯಾಲಿನವ್ರಿಗೆ ಏನ ಹೇಳ್ಲಿ?"

"ಕೈ ರೂಢಿ ಆಗ್ಬೇಕ್ರಿ ಅಯ್ಯಾರ."

"ಏನೂ ಆಗಲಾರ್ದ ಯಾತಕ್ಕ ರೂಢಿ? ಆದಾಗ ಒತ್ತತಾರ ಬಿಡ್ರಿ."

ಆ ರೂಢಿ ಅಲ್ಲಿಗೇ ನಿಂತಿತು. ತುಳಸಾ ತಾರಿಕನನ್ನು ಹಿಡಿದಳು. "ಅಂಕುಶಗ ತಾಗಿದಾಗ ತಾನ ನಿಂತಿತಲ್ಲ ತಮ್ಮಾ, ಯಾವಾಗ್ಲೂ ಹಂಗ ನಿಲ್ತೈತಿ ಹೌದಲ್ಲೋ?"

ತಾರಿಕ ಕೈ ಒರೆಸಿಕೊಂಡ. "ಹಾದ್ಯಾಗ ಮೈ ತಾಗಿದ್ರ ನಿಲ್ತೈತಿ. ಹಲಗಿ ಇಳಿದು ಒತ್ತೂವಾಗ ನಿಲ್ಲೂದಿಲ್ರಿ ಅಕ್ಕಾ. ಒತ್ತೂದ ಅದರ ಕೆಲಸ. ಹಾಳಿ ಅಡಿ ಗಾಳಿ ಇರ್ಲಿ, ಕೈ ಇರ್ಲಿ, ಅದಕ್ಕ ಎರಡೂ ಉಬ್ಬು. ಉಬ್ಬು ಅಂದ್ರ ಸಮ ಮಾಡ್ಬೇಕು."

"ಕೈ ಐತಿ ಅಂತ ಅದಕ್ಕ ಹೇಳಾವ್ರು ಯಾರು?"

"ನೀವ ಅದೀರಲ್ಲ. ಅದಕ್ಕ ಜೋಡಿ ಅಂತಾರ."

ತುಳಸಾ ಮರುದಿನದಿಂದ ಕಂಬದ ಪಕ್ಕದ ಜಾಗವನ್ನು ನಸ್ರೀನಳಿಗೆ ಕೊಟ್ಟಳು. ಕೇರಿಯ ಹೆಣ್ಣು, ಚುರುಕು ಕೈ, ಹೇಳಿದ ಮಾತು ನೆಲಕ್ಕೆ ಬೀಳಗೊಡದವಳು. "ನಾ ಒತ್ತು ಅಂದ್ರ ಒತ್ತಬೇಕು. ಹಿಂದಮುಂದ ನೋಡಬಾರ್ದು," ಎಂದಳು. ನಸ್ರೀನ ತಲೆಯಾಡಿಸಿದಳು. ಅವಳ ಮೇಲೆ ತುಳಸಾಳಿಗೆ ಸಂದೇಹವಿರಲಿಲ್ಲ. ಸಂದೇಹವಿರಬೇಕಾದದ್ದು ಅವಳ ಮೇಲಲ್ಲ, ಅವಳ ಕೈಗೆ ತಾನು ಕಲಿಸಿದ್ದರ ಮೇಲೆ ಎಂಬುದು ಆಗ ಹೊಳೆಯಲಿಲ್ಲ.

ಅದು ನಡೆದದ್ದು ಬಿಸಿಲೇರಿದ ಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ. ಬಿರುಕಿಗೆ ಹಚ್ಚಿದ ತುಂಡೊಂದು ಜಾರಿ ಪೇರಿಕೆಯ ನಡುವೆ ಅಡ್ಡಲಾಗಿ ಬಿತ್ತು. ತೋಳು ಮುಂದಿನ ಹಾಳೆ ಹಿಡಿದು ತಿರುಗುತ್ತಿತ್ತು. ತುಂಡು ಹಾಗೆಯೇ ಉಳಿದರೆ ಪೇರಿಕೆ ಪೂರ್ತಿ ಕೆಡುತ್ತದೆ. ತುಳಸಾ "ಒತ್ತು" ಎಂದಳು. ಎನ್ನುತ್ತಲೇ ಕೈ ಚಾಚಿದಳು. ದಿಮ್ಮಿ ಹೊರುವವರು ಹೀಗೆಯೇ ಕೆಲಸ ಮಾಡುತ್ತಾರೆ. ಒಬ್ಬ ಕೂಗಿದ ಕ್ಷಣಕ್ಕೆ ಇನ್ನೊಬ್ಬ ಹೆಗಲು ಕೊಟ್ಟಿರುತ್ತಾನೆ, ಕೊಟ್ಟನೋ ಇಲ್ಲವೋ ಎಂದು ಯಾರೂ ತಿರುಗಿ ನೋಡುವುದಿಲ್ಲ. ತುಳಸಾಳೂ ತಿರುಗಿ ನೋಡಲಿಲ್ಲ.

ನಸ್ರೀನಳ ಬಲಗೈ ಎದ್ದಿತು. ಎದ್ದದ್ದು ಗುಂಡಿಯ ಕಡೆಗಲ್ಲ, ತಲೆಯ ಕಡೆಗೆ. ಕೋಟಿನೊಳಗೆ ಸಿಕ್ಕಿಸಿದ ಸೆರಗನ್ನು ಟೊಪ್ಪಿಗೆಯ ಅಂಚಿನಲ್ಲಿ ಹುಡುಕಿತು, ಸಿಗದೆ ತಡವರಿಸಿತು, ಆಮೇಲೆ ಕೆಳಗಿಳಿದು ಗುಂಡಿಯನ್ನು ಒತ್ತಿತು. ಎವೆ ಮುಚ್ಚಿ ತೆರೆಯುವಷ್ಟು ಹೊತ್ತು. ಅಷ್ಟರಲ್ಲಿ ಹಾಳೆ ಇಳಿದಿತ್ತು, ಹಾಳೆಯ ಮೇಲೆ ಹಲಗೆ ಇಳಿದಿತ್ತು, ಹಲಗೆ ತನ್ನ ಕೆಲಸವನ್ನು ಮಾಡಿತ್ತು. ತೋಳು ಎಂದಿನಂತೆ ಸದ್ದಿಲ್ಲದೆ ನಿಂತಿತು. ತುಳಸಾಳೂ ಕೂಗಲಿಲ್ಲ. ಹಾಳೆಯ ಬಿಳಿ ಮೈಯ ಮೇಲೆ ಕೆಂಪು ಮೆಲ್ಲಗೆ ಹರಡುವುದನ್ನು ಹೆಂಗಸರು ಗೆರೆಯ ಹೊರಗೆ ನಿಂತೇ ನೋಡಿದರು. ತಾರಿಕ ಓಡಿ ಬಂದು ಹಲಗೆ ಎತ್ತುವವರೆಗೆ ಒಬ್ಬರೂ ಗೆರೆ ದಾಟಲಿಲ್ಲ.

ದಾಂಡೇಲಿಯ ಆಸ್ಪತ್ರೆಯಲ್ಲಿ ಎಡಗೈಯ ಕಿರುಬೆರಳನ್ನೂ ಉಂಗುರದ ಬೆರಳನ್ನೂ ತೆಗೆದರು. ಬಸಲಿಂಗಯ್ಯ ಬಂದು ಯಾರ ತಪ್ಪೆಂದು ಕೇಳಿದಾಗ ತುಳಸಾ, "ಕೈ ಹಾಕಿದಾಕಿ ನಾ," ಎಂದು ಗೋಡೆಯ ಕಡೆಗೆ ಹೊರಳಿದಳು.

ಕೇರಿಗೆ ಮರಳಿದ ಮೇಲೆ ನಸ್ರೀನ ಬಂದಳು. ಒಳಗೆ ಬಾರದೆ ಕಟ್ಟೆಯ ಅಂಚಿಗೆ ಕುಳಿತಳು.

"ನಾ ಒತ್ತೇ ಒತ್ತಿದೆ ಅಕ್ಕ. ಕೈ ಮೊದ್ಲ ತಲಿಗೆ ಹೋತು. ನಾ ಕಳಿಸಿಲ್ಲ, ತಾನ ಹೋತು."

"ಗೊತ್ತೈತಿ. ನೋಡಿಲ್ಲಂದ್ರೂ ಗೊತ್ತೈತಿ."

"ಬೈಯರ ಬೈಯ್ ಅಕ್ಕ."

"ನಾ ಕಲಿಸಿದ್ದ ನೀ ಮಾಡಿದಿ. ಯಾರಿಗೆ ಬೈಯಲಿ?" ತುಳಸಾ ಕಟ್ಟು ಹಾಕಿದ ಕೈಯನ್ನು ಮಡಿಲಿಗೆ ಎತ್ತಿಕೊಂಡಳು. ಆಮೇಲೆ ಕಣದಲ್ಲಿ ಮಾವ ಬಿದ್ದ ದಿನದ ಸಂಗತಿಯನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು. ರಟ್ಟೆ ಹಿಡಿದದ್ದು, ನೀರು ಕುಡಿಸಿದ್ದು, ಜನ ಆಡಿಕೊಂಡದ್ದು. "ಕಟ್ಟಳಿ ಕಲಿಸಿದೆ. ಮುರಿಯೂ ಹೊತ್ತು ಯಾವ್ದು ಅಂತ ಕಲಿಸಲಿಲ್ಲ," ಎಂದಳು.

ಗಾಯ ಮಾಯ್ದು ಆಕೆ ಮೇಜಿಗೆ ಮರಳಿದಾಗ ಹಳೆಯ ಕಂಬದ ಪಕ್ಕದಲ್ಲಿ ಇನ್ನೊಂದು ಕಂಬ ನಿಂತಿತ್ತು. ಕೆಲಸ ಹೆಚ್ಚಾಗಿದೆ, ಎರಡನೆಯ ತೋಳು ಬಂದಿದೆ, ಹಳೆಯದರ ತೋಳನ್ನು ರಿಪೇರಿಗೆ ಬಿಚ್ಚಿದ್ದಾರೆ ಎಂದ ತಾರಿಕ. ತುಳಸಾ ಹೆಂಗಸರು ಬಾಯಿ ತೆರೆಯುವ ಮೊದಲೇ ಹೇಳಿದಳು, ಹೊಸ ತೋಳು ಬರುವ ಸುದ್ದಿ ಕೇಳಿ ಹಾಸಿಗೆಯಲ್ಲಿ ಮಲಗಿಯೇ ಅದನ್ನು ಯೋಚಿಸಿದ್ದಳು: "ಇಂವ ಮೈದುನ. ಗಂಡನ ತಮ್ಮ. ತುಂಟತನ ಮಾಡಿದ್ರ ಬಾರಿಸ್ರಿ, ಕೇಳಾವ್ರು ಯಾರೂ ಇಲ್ಲ."

"ಇದು ಚಲೋ ಆತು ನೋಡು," ಎಂದಳು ಮಾಲವ್ವ. "ಮೈದುನನ ಬೆನ್ನಿಗೆ ಗುದ್ದಲಾರದ ಅತ್ತಿಗಿ ಯಾವ ಊರಾಗ ಅದಾಳ?"

ಹೆಸರು ಮತ್ತೆ ಕೆಲಸ ಮಾಡಿತು. ಹಾಳೆ ಮಡಚಿತೆಂದರೆ ಸಾಕು, ಹತ್ತಿರವಿದ್ದವಳು ಗುಂಡಿಗೆ ಫಟ್ಟನೆ ಬಾರಿಸುತ್ತಿದ್ದಳು, ಬಾರಿಸಿ ಒಂದು ಬೈಗುಳವನ್ನೂ ಕೊಡುತ್ತಿದ್ದಳು. ಯಾರ ಕೈಯೂ ತಲೆಗೆ ಹೋಗಲಿಲ್ಲ. ಬಸಲಿಂಗಯ್ಯ ಈಗ ನಿಲ್ಲಿಸಿದ್ದಕ್ಕೆ ಗೊಣಗುತ್ತಿರಲಿಲ್ಲ. ತುಳಸಾ ಬಹಳ ದಿನಗಳ ಮೇಲೆ ನಿರಾಳವಾಗಿ ಉಸಿರಾಡಿದಳು. ಆ ಉಸಿರು ಕೂಡ ಉಳಿಯಲಿಲ್ಲ.

ಮೈದುನನ ಎದುರು ಯಾವ ಅತ್ತಿಗೆ ದೂರ ನಿಲ್ಲುತ್ತಾಳೆ? ಮೊದಲು ಮಾಲವ್ವ ಊಟದ ವೇಳೆ ನಿಂತ ತೋಳಿನ ಮೊಣಕೈಗೆ ತನ್ನ ಬುತ್ತಿಯ ಚೀಲ ತೂಗುಹಾಕಿದಳು. ಆಮೇಲೆ ಯಾರೋ ಅದಕ್ಕೆ ಒರಗಿ ಚಹಾ ಕುಡಿದರು. ತಿರುಗುವ ತೋಳನ್ನು ಅಂಗೈಯಿಂದ ತಟ್ಟಿ ನಿಲ್ಲಿಸುವುದು, ಅದು ತಾಗಿದಲ್ಲಿಗೆ ನಿಂತಾಗ ನಗುವುದು ಒಂದು ಆಟವಾಯಿತು. ಹಳದಿ ಗೆರೆ ಕಾಲಡಿಯಲ್ಲಿ ಸವೆದು ಮಾಸತೊಡಗಿತು. ತುಳಸಾ ಬೈದಳು, ಬೈದಷ್ಟು ಹೊತ್ತು ಸರಿದು ನಿಂತರು. "ಮೈದುನ ಅಂದಾಕಿ ನೀನ," ಎಂದು ನೆನಪಿಸಿದರು.

ಇಂದು ಆಕೆ ಹೊಸ ಕಂಬದ ಪಕ್ಕದಲ್ಲಿಯೇ ನಿಂತಿದ್ದಾಳೆ. ಈಚೆಗೆ ಬೇರೆ ಯಾವ ಕೆಲಸಕ್ಕೂ ಆಕೆ ಅಲ್ಲಿಂದ ಕದಲುವುದಿಲ್ಲ. ನಸ್ರೀನ ಪೇರಿಕೆಯ ಮೇಲೆ ಬಗ್ಗಿ ಎರಡೂ ಕೈಯಿಂದ ಅಂಚು ಕೂಡಿಸುತ್ತಿದ್ದಾಳೆ. ಹಾಳೆ ಹಿಡಿದ ತೋಳು ಅವಳ ಬೆನ್ನಿಗೆ ತಾಗಿ ನಿಂತಿದೆ. ಅವಳು ತಿರುಗದೆಯೇ ಮೊಣಕೈಯಿಂದ ಅದನ್ನು ತಳ್ಳಿ, "ತಡಿಯೋ, ಏನ ಅವಸರ ನಿಂದು?" ಎನ್ನುತ್ತಿದ್ದಾಳೆ. ಸುತ್ತಲಿನವರು ನಗುತ್ತಿದ್ದಾರೆ.

"ನಸ್ರೀನ, ಹೊರಗ ಬಾ."

"ಮೈದುನ ಏನೂ ಮಾಡೂದಿಲ್ಲ ಬಿಡು ಅಕ್ಕ."

ಅವಳು ಒಂದು ಹೆಜ್ಜೆ ಬದಿಗೆ ಸರಿದಳು. ಬೆನ್ನಿನ ತಡೆ ತಪ್ಪಿದ ಕೂಡಲೇ ತೋಳು ಮುಂದೆ ಬಂತು, ಹಲಗೆ ಇಳಿಯತೊಡಗಿತು. ಕೈಗಳು ಇನ್ನೂ ಪೇರಿಕೆಯ ಮೇಲಿದ್ದವು. ತುಳಸಾ ಮೂರು ಬೆರಳಿನ ಕೈಯಿಂದ ಗುಂಡಿಯನ್ನು ಒತ್ತಿದಳು. ಹಲಗೆ ಗಾಳಿಯಲ್ಲಿ ನಿಂತಿತು. ನಗು ಕೂಡ ನಿಂತಿತು, ನಸ್ರೀನ ತಲೆಯೆತ್ತಿ ತನ್ನ ಕೈಗಳ ಮೇಲೆ ಬಿದ್ದ ನೆರಳನ್ನು ನೋಡಿದಳು.

ತುಳಸಾ ಗುಂಡಿಯಿಂದ ಕೈ ತೆಗೆಯಲಿಲ್ಲ. ಹತ್ತಿರ ಸುಳಿಯಬಾರದ, ಆದರೆ ಹೊತ್ತು ಬಂದಾಗ ಕೈ ಎತ್ತಲು ಅಂಜಬಾರದ ನಂಟು ಯಾವುದೆಂದು ಕೇರಿಯ ಒಂದೊಂದು ಮನೆಯನ್ನೂ ಮನಸ್ಸಿನಲ್ಲಿ ಹೊಕ್ಕು ಹುಡುಕುತ್ತಿದ್ದಳು. ಅಂಥ ನಂಟು ಯಾವ ಮನೆಯಲ್ಲೂ ಸಿಗಲಿಲ್ಲ. ಆಚೆಯಿಂದ ಬಸಲಿಂಗಯ್ಯನವರ ಹೆಜ್ಜೆಯ ಸದ್ದು ಹತ್ತಿರವಾಗುತ್ತಿತ್ತು.